ಮಾಗಡಿ ಹತ್ತಿರ ನಮ್ಮ ಕೃಷಿ ಹೊಂಡದಲ್ಲಿ ಮೀನು ಸಾಕಿದರೆ ಅಪ್ಪ ಅಮ್ಮನಿಗೆ ಆದಾಯ ಬರುತ್ತಾ? ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, ಪ್ಲಾಸ್ಟಿಕ್ ಶೀಟ್ ಹಾಸಿದೆ. ನಾನಿರುವುದು ಬೆಂಗಳೂರಲ್ಲಿ. ಬಿಟ್ಟ ಮರಿಯೆಲ್ಲ ಒಂದೊಂದು ಕೆಜಿ ಆಗುತ್ತೆ, ಇಲ್ಲಿಗೇ ತಂದು ಮಾರಬಹುದು ಅಂತ ಲೆಕ್ಕ ಹಾಕಿದ್ದೇನೆ.

ಬರುತ್ತೆ, ಆದರೆ ತಿಂಗಳ ಸಂಬಳದ ಹಾಗಲ್ಲ. ನೀವು ಬೆಂಗಳೂರಲ್ಲಿ ಕೂತು ಹಾಕಿರುವ ಲೆಕ್ಕದಲ್ಲಿ ಬಿಟ್ಟ ಮರಿಯೆಲ್ಲ ಬದುಕಿ, ಒಂದೊಂದು ಕೆಜಿ ಆಗಿಬಿಟ್ಟಿವೆ! ರಾಮನಗರದ ಕಡೆ ನಮ್ಮ ಮನೆಯವರೂ ಹೊಂಡದಲ್ಲಿ ಮೀನು ಬಿಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ ಅಂದಿದ್ದೀರಿ. ಚದರ ಮೀಟರಿಗೆ ಒಂದರಂತೆ ಸುಮಾರು 400 ಮರಿ ಬಿಡಬಹುದು. ಅದರಲ್ಲಿ 300 ಉಳಿದು, ಅರ್ಧರ್ಧ ಕೆಜಿ ತೂಗಿದರೆ 150 ಕೆಜಿ. ಇಷ್ಟನ್ನೇ ನಂಬಿಕೊಳ್ಳಿ. ಹೊಂಡ ತೋಡಿಸಿದ್ದು ಬೆಳೆಗೆ, ಮೀನು ಮೇಲುಸಂಪಾದನೆ.

ಮಳೆಗಾಲದಲ್ಲಿ ನೀರು ತುಂಬಿದ ಮೇಲೆ ಮರಿ ಬಿಡಿ. ಬೇಸಿಗೆಗೆ ನೀರು ಇಳಿಯುವುದರೊಳಗೆ ಮೀನು ಬೆಳೆಯಬೇಕು, ಅದಕ್ಕೇ ಬೆರಳುದ್ದದ ಮರಿಯನ್ನೇ ಕೇಳಿ. ಚಿಕ್ಕವು ಅಗ್ಗ, ಆದರೆ ಕಪ್ಪೆಗೂ ನೀರುಹಾವಿಗೂ ಹಬ್ಬ. ಕಾಟ್ಲಾ ಮೇಲೆ, ರೋಹು ನಡುವೆ, ಗೆಂಡೆ ತಳದಲ್ಲಿ ಮೇಯುತ್ತವೆ. ಹಾಗಾಗಿ ಮೂರನ್ನೂ ಸೇರಿಸಿ ಬಿಡಿ. ಗೆಂಡೆಯಲ್ಲಿ ಅಮೂರ್ ತಳಿ ಸಿಕ್ಕರೆ ಅದನ್ನೇ ತನ್ನಿ, ಬೇಗ ಬೆಳೆಯುತ್ತದೆ. ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಯಾರು ಕೊಟ್ಟರೂ ಬೇಡ, ಅದನ್ನು ಸಾಕುವುದಕ್ಕೆ ನಿಷೇಧವಿದೆ.

ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮಸಮ ಕಲಸಿ ಹಾಕಿದರೆ ಸಾಕು. ಪ್ಲಾಸ್ಟಿಕ್ ಶೀಟ್ ಹಾಸಿದ ಹೊಂಡದಲ್ಲಿ ಮಣ್ಣು ಸಿಗಲ್ಲ, ನೀರು ಹಸಿರಾಗುವುದೂ ನಿಧಾನ. ತಳಕ್ಕೆ ಒಂದಿಷ್ಟು ಮಣ್ಣು ಹರಡಿ, ಸಗಣಿ ನೀರು ಬಿಡಿ. ಮೇವಾಗಲಿ ಸಗಣಿಯಾಗಲಿ ಜಾಸ್ತಿ ಹಾಕಿದರೆ ಕಷ್ಟ. ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಮೇವು ನಿಲ್ಲಿಸಿ, ಮೋಟರ್ ಹಾಕಿ ನೀರನ್ನು ಮೇಲಿಂದ ಚಿಮ್ಮಿಸಬೇಕು. ಇದನ್ನು ನೋಡಲು ಮನೆಯಲ್ಲಿ ಬೇಗ ಏಳುವವರು ಒಬ್ಬರಿರಬೇಕು, ಫೋನಲ್ಲಿ ಆಗುವ ಕೆಲಸವಲ್ಲ. ಹಾಂ, ಸುತ್ತ ಬೇಲಿ ಹಾಕಿಸಿ, ದಡದಿಂದ ಒಂದು ಗಟ್ಟಿ ಹಗ್ಗವನ್ನೂ ಇಳಿಬಿಡಿ. ಆ ಶೀಟ್ ಮೇಲೆ ಜಾರಿ ಬಿದ್ದವರಿಗೆ ಹತ್ತಿ ಬರಲು ಆಗುವುದಿಲ್ಲ.

ಮಾರುವುದಕ್ಕೆ ಬೆಂಗಳೂರಿಗೆ ತರುವ ಯೋಚನೆ ಬಿಡಿ. ಇಲ್ಲಿನ ಮಾರ್ಕೆಟ್ಟಿಗೆ ಆಂಧ್ರದಿಂದ ಲಾರಿಗಟ್ಟಲೆ ಕಾಟ್ಲಾ, ರೋಹು ಬರುತ್ತದೆ. ಆ ರೇಟಿಗೆ ಐಸು, ಗಾಡಿ ಬಾಡಿಗೆ ಸೇರಿಸಿದರೆ ನಿಮಗೇನೂ ಉಳಿಯಲ್ಲ. ಊರಲ್ಲಿ ಬದುಕಿರುವ ಮೀನಿಗೆ ಬೆಲೆ ಬೇರೆ. ಭಾನುವಾರ ಸ್ವಲ್ಪ ಸ್ವಲ್ಪವೇ ಹಿಡಿದು ದಡದಲ್ಲೇ ತೂಗಿ ಕೊಡಿ. ಉಳಿದದ್ದನ್ನು ಯುಗಾದಿಯ ಹೊಸತೊಡಕಿಗೆ ಇಟ್ಟುಕೊಳ್ಳಿ. ಆ ದಿನ ಮಟನ್‌ದೇ ದರ್ಬಾರು ನಿಜ, ಆದರೆ ಅದರ ರೇಟು ಕೇಳಿ ಮೀನಿನ ಕಡೆ ತಿರುಗುವವರೂ ಇರುತ್ತಾರೆ. ಹೊಂಡದ ನೀರೂ ಅಷ್ಟೊತ್ತಿಗೆ ಇಳಿದಿರುತ್ತದೆ, ಬಲೆ ಎಳೆಯುವುದು ಸುಲಭ.