17 ಕೆಲಸ, 14 ಕಡೆ ಅವರದೇ ಹೆಸರು

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಇದೇ ಸಂಕಟ ಹೊತ್ತು ಬರುವ ಚರ್ಚ್ ನಾಯಕರು ಜಾಸ್ತಿ ಆಗುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಐವತ್ತರ ಆಸುಪಾಸಿನ ಪಾಸ್ಟರ್. ನಿದ್ದೆ ಇಲ್ಲ, ಮನೆಯಲ್ಲಿ ಸಿಡುಕು, ಪ್ರಸಂಗಕ್ಕೆ ತಯಾರಾಗಲು ಕೂತರೆ ಮನಸ್ಸು ನಿಲ್ಲುವುದಿಲ್ಲ. ಐದು ವರ್ಷದ ಯೋಜನೆ ಮಾಡಿದ್ದರು: ಹೊಸ ಕಟ್ಟಡ, ಎರಡು ಶಾಖಾ ಸಭೆ, ಯುವಜನರ ಸೇವೆ. ಕಮಿಟಿ ತಲೆಯಾಡಿಸಿತು, ಆಮೇಲೆ ಯಾರೂ ಕೈ ಹಾಕಲಿಲ್ಲ. "ನಮ್ಮ ಜನಕ್ಕೆ ದರ್ಶನವೇ ಇಲ್ಲ, ಮುಂದಿನ ಕನಸೇ ಇಲ್ಲ ಮೇಡಂ" ಅನ್ನುತ್ತಿದ್ದರು.

ಮೂರನೇ ಸಲ ಬರುವಾಗ ಆ ಯೋಜನೆಯ ಫೈಲ್ ತರಲು ಹೇಳಿದೆ. ಪೆನ್ಸಿಲ್ ಕೊಟ್ಟು, "ಪ್ರತಿ ಕೆಲಸದ ಮುಂದೆ ಅದನ್ನು ಮಾಡೋರ ಹೆಸರು ಬರೀರಿ ಪಾಸ್ಟರೇ" ಅಂದೆ. ಒಟ್ಟು 17 ಕೆಲಸ. ಮೊದಲ ಪುಟ ಬೇಗ ಮುಗಿಯಿತು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕೈ ನಿಧಾನವಾಯಿತು. 14 ಕಡೆ ಅವರದೇ ಹೆಸರು, ಎರಡು ಕಡೆ ಹೆಂಡತಿಯದು, ಒಂದು ಖಾಲಿ. ಪೆನ್ಸಿಲ್ ಕೆಳಗಿಟ್ಟು ತುಂಬಾ ಹೊತ್ತು ಸುಮ್ನೆ ಕೂತರು.

"ಇದನ್ನ ಬರೆಯೋಕೆ ಮುಂಚೆ ಸಭೆಯವರನ್ನ ಕೇಳಿದ್ರಾ?"

"ಇಲ್ಲ. ಕೇಳಿದರೆ ಬೇಡ ಅಂದುಬಿಟ್ಟಾರು ಅಂತ ಭಯ ಇತ್ತು."

ನಿದ್ದೆ ಕೆಟ್ಟಿದ್ದು ಎಲ್ಲಿಂದ ಅಂತ ಆಗ ಇಬ್ಬರಿಗೂ ಗೊತ್ತಾಯಿತು.

ನಾನು ಹೇಳಿದ್ದು ಇಷ್ಟು. ನಿದ್ದೆಗೆ ಡಾಕ್ಟರನ್ನು ನೋಡಿ. ಫೈಲನ್ನು ಮೂರು ತಿಂಗಳು ಮುಚ್ಚಿಡಿ. ಮನೆಮನೆಗೆ ಹೋಗಿ, ನಿಮ್ಮ ಯೋಜನೆ ಹೇಳಬೇಡಿ, ಅವರ ಮಾತು ಕೇಳಿ. ಆಮೇಲೆ ಒಂದೇ ಕೆಲಸ ಆರಿಸಿ, ಅದಕ್ಕೆ ನಿಮ್ಮದಲ್ಲದ ಹೆಸರು ಮತ್ತು ಒಂದು ತಾರೀಕು ಇರಲಿ. ಹೊಸದೊಂದು ಶುರುವಾದರೆ ಹಳೆಯದು ಯಾವುದು ನಿಲ್ಲುತ್ತೆ ಅನ್ನೋದನ್ನೂ ಬರೆಯಿರಿ, ಯಾಕಂದ್ರೆ ಇರೋ ಹತ್ತು ಜನರ ಮೇಲೇ ಎಲ್ಲ ಹೇರಿದರೆ ಅವರೂ ಒಂದು ದಿನ ಬರುವುದನ್ನೇ ಬಿಡುತ್ತಾರೆ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು, ಯೋಜನೆ ತಿದ್ದೋದು ಆಪ್ತಸಲಹೆಗಾರರ ಕೆಲಸವಾ ಅಂತ ಕೇಳಿದರು. ಆ ಮನುಷ್ಯನ ಆತಂಕ ಇದ್ದದ್ದೇ ಆ ಹಾಳೆಯಲ್ಲಿ, ಅದನ್ನು ಬಿಟ್ಟು ಬೇರೆ ಏನು ಮಾತಾಡಲಿ? ಪ್ರಾರ್ಥನೆ ಸಾಕು, ಯೋಜನೆ ಯಾಕೆ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬೈಬಲಿನಲ್ಲಿ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯ ಪ್ರಾರ್ಥನೆಯನ್ನೂ ಮಾಡಿದ, ಯಾರಿಗೂ ಹೇಳದೆ ರಾತ್ರಿ ಹೊತ್ತು ಬಿದ್ದ ಗೋಡೆಯನ್ನೂ ಸುತ್ತಿ ನೋಡಿದ. ಗೋಡೆ 52 ದಿನದಲ್ಲಿ ಎದ್ದಿತು. ಬೈಬಲಿನಲ್ಲಿ ಅವನ ಹೆಸರಿನ ಪುಸ್ತಕದ 3ನೇ ಅಧ್ಯಾಯ ತೆಗೆದು ನೋಡಿ, ಪೂರ್ತಿ ಹೆಸರುಗಳೇ: ಅಕ್ಕಸಾಲಿಗರು, ಯಾಜಕರು, ಒಬ್ಬನ ಹೆಣ್ಣುಮಕ್ಕಳು, ತಮ್ಮ ತಮ್ಮ ಮನೆ ಎದುರಿನ ಭಾಗ ಕಟ್ಟಿದವರು. ಪಾಸ್ಟರ ಫೈಲಿನಲ್ಲಿ ಇಲ್ಲದ್ದು ಇದೇ ಅಲ್ವಾ?

ನಾಲ್ಕು ತಿಂಗಳ ನಂತರ ಪಾಸ್ಟರ್ ಮತ್ತೆ ಬಂದರು. ಕೈಯಲ್ಲಿ ಒಂದೇ ಹಾಳೆ, ಅದರಲ್ಲಿ ಒಂದೇ ಸಾಲು: ಹಾಸಿಗೆ ಹಿಡಿದವರ ಮನೆಗೆ ವಾರಕ್ಕೊಮ್ಮೆ ಭೇಟಿ. ಮುಂದೆ ಇಬ್ಬರು ಹೆಂಗಸರ ಹೆಸರು. ಕಟ್ಟಡ ಈಗ ಬೇಡ ಅಂತ ಹಿರಿಯರೊಬ್ಬರು ಮುಖಕ್ಕೇ ಹೇಳಿದರಂತೆ. ಅದನ್ನು ನನಗೆ ಹೇಳುವಾಗ ಪಾಸ್ಟರ ಧ್ವನಿ ಇನ್ನೂ ನಡುಗುತ್ತಿತ್ತು.