ಎರಡು ಸಲ ಸಂಚಕಾರ ವಾಪಸ್ ಕೊಟ್ಟವರು

ಆಪ್ತಸಮಾಲೋಚಕಿಯಾದ ನನಗೆ ಮೊದಲು ಫೋನ್ ಮಾಡಿದ್ದು ಹೆಂಡತಿ. "ಮೇಡಂ, ನಮ್ಮ ಮನಿಯವ್ರು ಮನಿ ಮಾರ್ತೀನಿ ಅಂತಾರ್ರಿ. ಗಿರಾಕಿ ಬಂದ್ರ ಏನರ ತಕರಾರು ತಗೀತಾರ. ಎರಡ ಸಲ ಸಂಚಕಾರ ವಾಪಸ್ ಕೊಟ್ಟಾರ" ಎಂದರು. ಸಂಚಕಾರ ಅಂದರೆ ಕೊಳ್ಳುವವರು ಕೊಡುವ ಮುಂಗಡ. ಜಗಳ ಆಡಿ ಆಡಿ ಅವರ ದನಿ ಬಿದ್ದುಹೋಗಿತ್ತು.

ಮನೆಯವರೆಲ್ಲರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಗಂಡನಿಗೆ 46 ವರ್ಷ. ಗಿಣಿಗೇರಾ ಕಡೆಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಕೆಲಸ. ಅಲ್ಲಿ ಪಾಳಿ ಕಡಿಮೆಯಾಗಿ ಓವರ್‌ಟೈಮ್ ನಿಂತಿತ್ತು. ಬೆಂಗಳೂರು ಕಡೆಯ ದಾಬಸ್‌ಪೇಟೆಯಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಕ್ಕಿತ್ತು, ಜೂನ್ ಮೊದಲ ವಾರ ಸೇರಬೇಕು. ಮಗಳ ಹತ್ತನೇ ಕ್ಲಾಸ್ ಮುಗಿದಿತ್ತು, ಪಿಯುಸಿಗೆ ಅಲ್ಲೇ ಸೇರಿಸಬಹುದು. ಎಲ್ಲಾ ಕೂಡಿ ಬಂದಿತ್ತು. ಮನೆ ಒಂದು ಬಿಟ್ಟು.

ಮನೆ ಕೊಪ್ಪಳದ ಭಾಗ್ಯನಗರದ ಕಡೆ, 30-40ರ ಸೈಟಿನಲ್ಲಿದೆ. 2012ರಲ್ಲಿ ಗೃಹಪ್ರವೇಶ. ಅವರ ಮನೆತನದಲ್ಲಿ ಸ್ವಂತ ಮನೆ ಕಟ್ಟಿದವರಲ್ಲಿ ಇವರೇ ಮೊದಲು. ತಂದೆ ಬಾಡಿಗೆ ಮನೆಯಲ್ಲೇ ತೀರಿಕೊಂಡಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು, ಮಲಗುವ ಮೊದಲು ಸ್ಲ್ಯಾಬಿಗೆ ನೀರು ಹೊಡೆಯುತ್ತಿದ್ದರಂತೆ. ವೈರಿಂಗ್ ಪೂರ್ತಿ ಅವರದೇ ಕೈಕೆಲಸ.

ಮೊದಲ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಕೂತ ಕೂಡಲೇ "ಮನೆ ಬಿಡೋಕೆ ಸಂಕಟ ಆಗ್ತಿದೆ, ಅಲ್ವಾ?" ಎಂದು ಕೇಳಿಬಿಟ್ಟೆ. "ಹಂಗೇನಿಲ್ರಿ, ರೇಟ್ ಸರಿ ಬರವಲ್ದು" ಎಂದು ಸುಮ್ಮನಾದರು. ಸಂಕಟ ಅನ್ನುವ ಮಾತನ್ನು ಅವರ ಬಾಯಿಂದ ಬರಲು ಬಿಡಬೇಕಿತ್ತು.

ಆಮೇಲೆ ಬೇರೆ ಕಡೆಯಿಂದ ಹೋದೆ. ಎರಡನೇ ಗಿರಾಕಿ ಬಂದ ದಿನ ಏನಾಯ್ತು, ಮೊದಲಿಂದ ಹೇಳಿ ಎಂದೆ.

ಅವರ ನಡುಮನೆಯ ಲೈಟಿನ ಸ್ವಿಚ್ಚು ಬಾಗಿಲ ಹಿಂದೆ ಇದೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಗೊತ್ತಾಗುವ ಮೊದಲೇ ಪೈಪ್ ಹಾಕಿದ್ದರು. ಕತ್ತಲಲ್ಲಿ ಒಳಗೆ ಬಂದವರು ಬಾಗಿಲನ್ನು ಅರ್ಧ ಮುಚ್ಚಿ, ಅದರ ಹಿಂದೆ ಕೈ ಚಾಚಿ ತಡಕಬೇಕು. ಮನೆಯವರಿಗೆಲ್ಲಾ ಅದು ರೂಢಿ. ಸಂಚಕಾರ ಕೊಟ್ಟು ಹೋಗಿದ್ದ ಗಿರಾಕಿ ಮರುದಿನ ಸಂಜೆ ಮನೆಮಂದಿಯನ್ನು ಕರೆದುಕೊಂಡು ಬಂದ. ಸ್ವಿಚ್ಚು ಹುಡುಕಿ ಹುಡುಕಿ, "ಯಾವ ಪುಣ್ಯಾತ್ಮ ಮಾಡ್ಯಾನ್ರಿ ಈ ವೈರಿಂಗ್?" ಎಂದು ನಕ್ಕ. ಇವರು ಒಳಗೆ ಹೋಗಿ ಅಲ್ಮಾರಿಯಿಂದ ದುಡ್ಡು ತಂದು ಅವನ ಕೈಗೆ ಇಟ್ಟರು. "ಮನಿ ಮಾರೂದಿಲ್ಲ" ಎಂದರು.

ಇಷ್ಟು ಹೇಳುವಾಗ ಅವರ ಬಲಗೈ ಮುಂದೆ ಚಾಚಿ, ಗಾಳಿಯಲ್ಲೇ ಆ ಸ್ವಿಚ್ಚನ್ನು ಹುಡುಕುತ್ತಿತ್ತು. ನಾನು ಏನೂ ಹೇಳಲಿಲ್ಲ. ಅವರೇ ಕೈ ನೋಡಿಕೊಂಡರು, ಕಣ್ಣು ತುಂಬಿ ಬಂತು.

ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ ಎಂದೂ ಹೇಳಿದರು. ಹೀಗೆ ಹೇಳುವವರನ್ನು ನಾನು ನೇರವಾಗಿ ಕೇಳುತ್ತೇನೆ: ಊಟ ಸೇರುತ್ತಾ, ಕೆಲಸದಲ್ಲಿ ಗಮನ ಇರುತ್ತಾ, ಜೀವ ಬೇಡ ಅನ್ನಿಸಿದ್ದಿದೆಯಾ. ಅಂಥದ್ದು ಇರಲಿಲ್ಲ. ಆದರೂ 14416 ನಂಬರ್ ಬರೆದು ಕೊಟ್ಟೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಕೆಟ್ಟರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಲೇಬೇಕು ಎಂದೂ ಹೇಳಿದೆ.

ಎರಡನೇ ಭೇಟಿಯಲ್ಲಿ ನಿಜವಾದ ಗಂಟು ಬಿಚ್ಚಿತು. ಅದು ದುಃಖಕ್ಕಿಂತ ಜಾಸ್ತಿ ಅಂಜಿಕೆ. "ಮನಿ ಮಾರಿದ ಅಂದ್ರ ಮಂದಿ ಏನಂತಾರ್ರಿ? ಸಾಲಕ್ಕ ಮುಳುಗಿದ ಅಂತಾರ." ನಮ್ಮ ಕಡೆ ಈ ಮಾತು ಸುಳ್ಳಲ್ಲ. ಹೊಲ ಮಾರಿದ, ಮನೆ ಮಾರಿದ ಎಂದರೆ ಕೇಳಿದವರು ಮೊದಲು ಯೋಚಿಸುವುದೇ ಸಾಲವನ್ನು. ಒಳ್ಳೆಯ ಕೆಲಸ ಸಿಕ್ಕು ಮಾರಿದ ಎಂದು ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು ಕಾರಣ ಜಾತ್ರೆ. ಪ್ರತಿ ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಅವರ ಅಕ್ಕಂದಿರು, ಭಾವಂದಿರು, ಅವರ ಮಕ್ಕಳು ಎಲ್ಲಾ ಇಳಿಯುವುದು ಇವರ ಮನೆಯಲ್ಲೇ. ತೇರು ನೋಡಿ, ಮಠದ ದಾಸೋಹದಲ್ಲಿ ರೊಟ್ಟಿ, ಮಾದಲಿ ಉಂಡು ಬಂದು ಮಾಳಿಗೆ ಮೇಲೆ ಸಾಲಾಗಿ ಮಲಗುತ್ತಾರೆ. ಚಿಕ್ಕಂದಿನಲ್ಲಿ ಬಾಡಿಗೆ ಮನೆಯವರು "ಮಂದಿ ಜಾಸ್ತಿ ಆದ್ರು" ಎಂದು ಅವರ ತಂದೆಗೆ ಅಂದದ್ದು ಇವರಿಗೆ ಇನ್ನೂ ನೆನಪಿದೆ. ಮಾಳಿಗೆ ತುಂಬಾ ಜನ ಮಲಗಿದ್ದು ನೋಡಿದರೆ ಎದೆ ತುಂಬುತ್ತದೆ ಎಂದರು.

"ಮನೆ ಅಂದ್ರೆ ಬರೀ ಇಟ್ಟಿಗೆ ಸಿಮೆಂಟು" ಎಂದು ಹೇಳುವವರು ತುಂಬಾ ಜನ. ನಾನು ಆ ಮಾತು ಯಾರಿಗೂ ಹೇಳುವುದಿಲ್ಲ. ಈ ಮನುಷ್ಯನಿಗೆ ಮನೆ ಎಂದರೆ ನಾಲ್ಕು ಜನಕ್ಕೆ ಜಾಗ ಕೊಡುವ ಅಧಿಕಾರ. ಅದು ಹೋಗುತ್ತಿದೆ ಎಂದರೆ ನೋವಾಗಲೇಬೇಕು. ಆ ನೋವು ಪೂರ್ತಿ ಹೋದ ಮೇಲೆ ಸಹಿ ಹಾಕುತ್ತೇನೆ ಎಂದು ಕೂತರೆ ಮಾತ್ರ ಜೂನ್ ದಾಟಿ ಹೋಗುತ್ತದೆ. ಅಳುತ್ತಲೇ ಸಹಿ ಹಾಕಬಹುದು, ಅದರಲ್ಲಿ ತಪ್ಪೇನಿಲ್ಲ ಎಂದು ಹೇಳಿದೆ.

ಬಾಡಿಗೆಗೆ ಕೊಟ್ಟು ಹೋಗೋಣ ಎಂಬ ಮಾತು ಮೂರು ತಿಂಗಳಿಂದ ನಡೆದಿತ್ತು. ಒಂದು ಹಾಳೆಯಲ್ಲಿ ಬರೀ ಲೆಕ್ಕ ಬರೆಯಿರಿ, ಮನಸ್ಸಿನ ಮಾತು ಅದರಲ್ಲಿ ಬೇಡ ಎಂದೆ. ಗಂಡ ಹೆಂಡತಿ ಕೂತು ಬರೆದರು. ಇಲ್ಲಿ ಬರುವ ಬಾಡಿಗೆ ಉಳಿದ ಸಾಲದ ಕಂತಿಗೂ ಸಾಲದು. ಅಲ್ಲಿಯ ಬಾಡಿಗೆ ಬೇರೆ. ಮೋಟರ್ ಕೆಟ್ಟರೆ ನೋಡುವವರಿಲ್ಲ. ಮಾರುವುದೇ ಸರಿ ಎಂದು ಅವರೇ ತೀರ್ಮಾನಿಸಿದರು.

ಲೆಕ್ಕದ ವಿಷಯ ಆಡಿಟರನ್ನು ಕೇಳಿ ಎಂದು ಕಳಿಸಿದೆ. ನನಗೆ ಗೊತ್ತಿದ್ದ ಮೂರು ಮಾತು ಮಾತ್ರ ಹೇಳಿದೆ. ಬಡ್ಡಿ ಏರಿಳಿಯುವ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಮನೆ ಮಾರಿ ಬಂದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು, ಅಥವಾ ಮೂರು ವರ್ಷದೊಳಗೆ ಕಟ್ಟಲು ಹಾಕಿದರೆ ಆ ಮಟ್ಟಿಗೆ ತೆರಿಗೆ ಉಳಿತಾಯವಾಗುತ್ತದೆ. ಮತ್ತೆ, ಸಂಚಕಾರ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಗದಾಗಿ ಮುಟ್ಟಬಾರದು, ಬ್ಯಾಂಕಿನ ಮೂಲಕವೇ ಬರಬೇಕು. ಎರಡು ಸಲವೂ ಇವರು ಕೈಯಲ್ಲೇ ತೆಗೆದುಕೊಂಡಿದ್ದರು! ಅಲ್ಮಾರಿಯಲ್ಲಿ ದುಡ್ಡಿದ್ದರೆ ವಾಪಸ್ ಕೊಡುವುದೂ ಸುಲಭ ನೋಡಿ.

ಮಾತಿನ ನಡುವೆ ನನಗೆ ಒಂದು ಹೊಳೆಯಿತು. ಮನೆಯಲ್ಲಿ 74 ವರ್ಷದ ತಾಯಿ ಇದ್ದಾರೆ. "ಅವ್ವಗ ಈ ಮನಿ ಬಿಟ್ಟು ಇರಾಕ ಆಗಂಗಿಲ್ಲ" ಎಂದು ಮಗ ಪ್ರತಿ ಸಲ ಹೇಳುತ್ತಿದ್ದರು. ಅವ್ವನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮೂರನೇ ಭೇಟಿಗೆ ಕರೆದುಕೊಂಡು ಬನ್ನಿ ಎಂದೆ.

ಅವ್ವ ಬಂದು ಸೆರಗು ಸರಿಮಾಡಿಕೊಂಡು ಕೂತರು. "ನಾ ಏಳು ಮನಿ ಬಿಟ್ಟಾಕಿ ಯವ್ವಾ. ನನ್ನ ಟ್ರಂಕ್ ಬಂದ್ರ ಸಾಕು. ಆದ್ರ ಇವ ಅಲ್ಲಿ ಹೋಗಿ ಮುಖ ಗಂಟು ಹಾಕ್ಕೊಂಡು ಕುಂದರಬಾರದು ನೋಡು" ಎಂದರು. ಮಗ ತಲೆ ಎತ್ತಲಿಲ್ಲ. ಬಹಳ ಹೊತ್ತು ಅವ್ವನ ಕೈ ಹಿಡಿದುಕೊಂಡು ಕೂತಿದ್ದರು.

ಆಮೇಲೆ ನಾನು ಕೊಟ್ಟ ಸಲಹೆ ಇಷ್ಟು. ಸುದ್ದಿ ಊರಿನಿಂದ ನಿಮ್ಮವರಿಗೆ ಹೋಗುವುದು ಬೇಡ, ನೀವೇ ಹೇಳಿ. ಅಕ್ಕಂದಿರನ್ನು ಒಂದು ಭಾನುವಾರ ಊಟಕ್ಕೆ ಕರೆಯಿರಿ, ಜಾತ್ರೆಯ ಹಾಗೆಯೇ ಮಾಳಿಗೆ ಮೇಲೆ ಮಲಗಿಸಿ. ದಾಬಸ್‌ಪೇಟೆ ಕೆಲಸದ ಸುದ್ದಿ ಮೊದಲು ಹೇಳಿ, ಮನೆ ಮಾರುವ ಸುದ್ದಿ ಆಮೇಲೆ. ಜನವರಿಯಲ್ಲಿ ಎಲ್ಲಿ ಇಳಿಯುವುದು ಎಂದು ಅವತ್ತೇ ಮಾತಾಡಿಕೊಳ್ಳಿ. ಗಿರಾಕಿ ಜೊತೆ ರೇಟು ಮಾತಾಡಲು ಭಾವನನ್ನು ಕೂರಿಸಿ, ನೀವು ಆ ಹೊತ್ತಿಗೆ ಮನೆಯಲ್ಲಿ ಇರಬೇಡಿ. ಮನೆ ತೋರಿಸುವುದು ಮಾತ್ರ ನೀವೇ ತೋರಿಸಿ. ಹೆಂಡತಿಗೂ ಒಂದು ಮಾತು ಹೇಳಿದೆ: ಅವರು ಗೋಡೆ ಮುಟ್ಟಿ ನಿಂತಿದ್ದರೆ "ಮತ್ತ ಶುರುವಾತು" ಅನ್ನಬೇಡಿ, ಪಕ್ಕದಲ್ಲಿ ಹೋಗಿ ನಿಲ್ಲಿ.

ಮಾಳಿಗೆ ಮೇಲೆ ಮಲಗಿದ ರಾತ್ರಿ ಹಿರಿಯಕ್ಕ ಅತ್ತರಂತೆ. ಬೆಳಿಗ್ಗೆ ಎದ್ದು, "ಬರೋ ಜಾತ್ರಿಗೆ ನಮ್ಮ ಮನಿಗೆ ಬರ್ರಿ" ಎಂದರಂತೆ. ಅವರ ಊರು ಕೊಪ್ಪಳದಿಂದ ದೂರವಿಲ್ಲ.

ಮೂರನೇ ಗಿರಾಕಿ ಶಾಲೆ ಮೇಷ್ಟ್ರು ದಂಪತಿ. ಇವರು ಮೊದಲು ಅವರನ್ನು ನಡುಮನೆಯ ಬಾಗಿಲ ಹಿಂದೆ ಕರೆದುಕೊಂಡು ಹೋದರು. "ಕೈ ಹಿಂಗ ಹಾಕಬೇಕ್ರಿ. ಇದು ನಂದ ತಪ್ಪು" ಎಂದು ತೋರಿಸಿದರು. ಮೇ ಕೊನೆಯಲ್ಲಿ ರಿಜಿಸ್ಟ್ರೇಷನ್ ಆಯ್ತು.

ಜುಲೈನಲ್ಲಿ ಒಂದು ಸಲ ಫೋನ್ ಮಾಡಿದ್ದರು. ಕೆಲಸ ಹಿಡಿಸಿದೆ, ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಎಚ್ಚರ ಆಗುವುದು ಕಡಿಮೆಯಾಗಿದೆ. ಆದರೆ ಡ್ಯೂಟಿ ಮುಗಿಸಿ ಬಂದಾಗ ಕೈ ಇನ್ನೂ ಬಾಗಿಲ ಹಿಂದೆ ಹೋಗುತ್ತದೆ ಎಂದರು. ಹೋಗಲಿ ಬಿಡಿ, ಅದನ್ನು ಬಲವಂತದಿಂದ ತಡೆಯಬೇಡಿ ಎಂದೆ. ಜಾತ್ರೆಗೆ ರಜೆ ಕೇಳಿದ್ದಾರಂತೆ. ಹಂಪಿ ಎಕ್ಸ್‌ಪ್ರೆಸ್‌ಗೆ ಬಂದು, ಅಕ್ಕನ ಊರಿಗೆ ಹೋಗುವ ಮೊದಲು ನನ್ನನ್ನು ಕಂಡು ಹೋಗುತ್ತೇನೆ ಎಂದರು. ಡೈರಿಯಲ್ಲಿ ಜನವರಿ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.