ಸಿಮೆಂಟ್ ಡಂಬೆಲ್ ಬೇಡ, ಮರಳಿನ ಚೀಲ ಸಾಕು

ಪ್ರಶ್ನೆ: ನನಗೆ 38 ವರ್ಷ, ಬ್ಯಾಂಕ್ ಕೆಲಸ. ಬೆಳಿಗ್ಗೆ ಸಿಗುವುದು ಇಪ್ಪತ್ತೇ ನಿಮಿಷ. ಪೇಂಟ್ ಡಬ್ಬಗಳಿಗೆ ಕಾಂಕ್ರೀಟ್ ತುಂಬಿ, ನಡುವೆ ಪೈಪ್ ಕೂರಿಸಿ ಡಂಬೆಲ್ ಮಾಡಿಕೊಳ್ಳುವ ಯೋಚನೆ ಇದೆ. ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ಮಾಡಬಹುದು, ಆದರೆ ನಮ್ಮ ಸಲಹೆ ಬೇಡ ಎಂದೇ. ಒಂದು ಲೀಟರ್ ಡಬ್ಬದ ಕಾಂಕ್ರೀಟ್ ಸುಮಾರು 2.4 ಕಿಲೋ ತೂಗುತ್ತದೆ. ಗಟ್ಟಿಯಾದ ಮೇಲೆ ಅದಕ್ಕೆ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ತೂಕ ಸ್ವಲ್ಪಸ್ವಲ್ಪವೇ ಏರುತ್ತಾ ಹೋದರೆ ತಾನೆ ಬಲ ಬರುವುದು? ಇನ್ನೊಂದು ತೊಂದರೆ ಪೈಪಿನದು. ನುಣುಪು ಪೈಪ್ ಕ್ರಮೇಣ ಕಾಂಕ್ರೀಟಿನೊಳಗೆ ಸಡಿಲವಾಗುತ್ತದೆ. ತುದಿಗೆ ತೂತು ಕೊರೆದು ಅಡ್ಡಲಾಗಿ ಬೋಲ್ಟ್ ಹಾಕಿರದಿದ್ದರೆ ಎತ್ತಿದಾಗ ಕಳಚಿ ಬೀಳಬಹುದು.

ಹಳೆಯ ಗಟ್ಟಿ ಸ್ಕೂಲ್ ಬ್ಯಾಗ್ ಒಂದಿದ್ದರೆ ಕೆಲಸ ಸುಲಭ. ಮರಳನ್ನು ಜರಡಿ ಹಿಡಿದು ಎರಡು ದಿನ ಬಿಸಿಲಿಗೆ ಹರವಿ. ಹಸಿ ಮರಳು ಮುಗ್ಗಲು ವಾಸನೆ ಹಿಡಿಯುತ್ತದೆ. ಎಂ-ಸ್ಯಾಂಡ್ ಆದರೆ ಮೊದಲು ತೊಳೆಯಿರಿ, ಇಲ್ಲವಾದರೆ ಅದರ ಪುಡಿ ಹೊಲಿಗೆಯ ಸಂದಿನಿಂದ ಮನೆಯೆಲ್ಲಾ ಉದುರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದು ಕಿಲೋ ತೂಗಿ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ. ಬಿಗಿಯಾಗಿ ತುಂಬಬೇಡಿ, ಕೆಳಗಿಟ್ಟಾಗ ಒಡೆಯುತ್ತದೆ. ಬಾಯಿಗೆ ಟೇಪ್ ಸುತ್ತಿ ಇನ್ನೊಂದು ಕವರಿನೊಳಗೆ ಇಳಿಸಿ. ಬ್ಯಾಗಿನಲ್ಲಿ ಜಾಗ ಉಳಿದರೆ ಹಳೆಯ ಬಟ್ಟೆ ತುರುಕಿ. ತೂಕ ಅತ್ತಿತ್ತ ಜಾರಬಾರದು.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಗರಡಿಯ ದಂಡ, ಬಸ್ಕಿ ಎರಡೂ ಒಳ್ಳೆಯವೇ, ಆದರೆ ಅವುಗಳಲ್ಲಿ ಎಳೆಯುವ ಕೆಲಸ ಇಲ್ಲ, ಬೆನ್ನಿನ ಮೇಲ್ಭಾಗ ಹಿಂದೆ ಬೀಳುತ್ತದೆ. ದಿನವಿಡೀ ಕಂಪ್ಯೂಟರಿಗೆ ಬಾಗಿ ಕೂರುವವರಿಗೆ ಬೇಕಾದದ್ದೇ ಅದು. ಆದ್ದರಿಂದ ಮೊದಲ ಜೋಡಿ: ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಬಸ್ಕಿ, ಅದರ ಬೆನ್ನಿಗೇ ಸೊಂಟದಿಂದ ಬಾಗಿ ಬ್ಯಾಗನ್ನು ಹೊಕ್ಕುಳ ಕಡೆಗೆ ಎಳೆಯುವುದು. ಕಾಲು ದುಡಿಯುವಾಗ ತೋಳಿಗೆ ವಿಶ್ರಾಂತಿ, ಅದರಿಂದಲೇ ಸಮಯ ಉಳಿಯುವುದು. ಎರಡನೆಯ ಜೋಡಿ: ದಂಡ, ಮತ್ತು ಬ್ಯಾಗ್ ಹಿಡಿದು ಸೊಂಟದಿಂದ ಬಾಗಿ ಏಳುವುದು. ಬಾಗುವಾಗ ಬೆನ್ನು ಗೂನಾದರೆ ಅಲ್ಲಿಗೇ ನಿಲ್ಲಿಸಿ, ತೂಕ ಇಳಿಸಿ. ಉಸಿರು ಬಿಗಿ ಹಿಡಿಯಬೇಡಿ. ಬಿಪಿ, ಹರ್ನಿಯಾ ಇದ್ದವರು ಮೊದಲು ವೈದ್ಯರನ್ನು ಕೇಳಿ.

ಪ್ರತಿ ಜೋಡಿ ಮೂರು ಸುತ್ತು, ಸುತ್ತಿನ ನಡುವೆ ಒಂದು ನಿಮಿಷ ವಿರಾಮ. ಮೈ ಬಿಸಿ ಮಾಡಿಕೊಳ್ಳುವ ನಾಲ್ಕು ನಿಮಿಷವೂ ಸೇರಿ 18 ನಿಮಿಷದೊಳಗೆ ಮುಗಿಯುತ್ತದೆ. 6 ಕಿಲೋದಿಂದ ಶುರು ಮಾಡಿ. ಮೂರೂ ಸುತ್ತಿನಲ್ಲಿ 12 ಸಲ ಸಲೀಸಾಗಿ ಆದ ದಿನ ಒಂದು ಪೊಟ್ಟಣ ಸೇರಿಸಿ; ಎಣಿಕೆ 8ಕ್ಕೆ ಇಳಿದರೂ ಚಿಂತೆಯಿಲ್ಲ. ತೂಕ, ಎಣಿಕೆ ಕ್ಯಾಲೆಂಡರಿನಲ್ಲೇ ಬರೆದಿಡಿ. ಬಸ್ಕಿಯಲ್ಲಿ ಹಿಮ್ಮಡಿ ಏಳುತ್ತಿದ್ದರೆ ಅದರಡಿ ತೆಳ್ಳನೆ ಹಲಗೆ ಇಡಿ.

ಪ್ರಶ್ನೆ: ಮನೆಯಲ್ಲಿ 20 ಲೀಟರ್ ನೀರಿನ ಕ್ಯಾನ್ ಇದೆ. ಅದನ್ನೇ ಎತ್ತಿದರೆ ಸಾಲದೇ?
– ಗೃಹಿಣಿ, ಶಿರಸಿ

ಉತ್ತರ: ತುಂಬಿದ ಕ್ಯಾನ್ 20 ಕಿಲೋ ದಾಟುತ್ತದೆ, ಶುರುವಿಗೆ ಹೆಚ್ಚಾಯಿತು. ಅರ್ಧ ತುಂಬಿದರೆ ನೀರು ತುಳುಕಿ ಭಾರ ಒಂದೇ ಕಡೆ ಜಗ್ಗುತ್ತದೆ. ಹಾಗೆ ತಲೆಯ ಮೇಲಂತೂ ಎತ್ತಲೇಬೇಡಿ. ಹಿಡಿಯಿರುವ ಐದು ಲೀಟರಿನ ಎಣ್ಣೆ ಕ್ಯಾನ್ ಎರಡು ಇಟ್ಟುಕೊಳ್ಳಿ. ಬಿಸಿನೀರು, ಸೋಪಿನಲ್ಲಿ ಜಿಡ್ಡು ಹೋಗುವಂತೆ ತೊಳೆಯಿರಿ, ಹಿಡಿ ಜಾರಬಾರದು. ನೀರು ತುಂಬಿದರೆ ತಲಾ 5 ಕಿಲೋ, ಒಣ ಮರಳಾದರೆ ಸುಮಾರು 8. ಎರಡೂ ಕೈಯಲ್ಲಿ ಹಿಡಿದು ಭುಜ ಕುಗ್ಗಿಸದೆ ಅಂಗಳದಲ್ಲಿ ನಲವತ್ತು ಹೆಜ್ಜೆ ಹಾಕಿ. ಬಿಸಿಲಿನಲ್ಲಿ ಬಿದ್ದಿದ್ದ ಕ್ಯಾನ್ ಬೇಡ, ಹಿಡಿಯ ಬುಡದಲ್ಲೇ ಬಿರುಕು ಬಿಟ್ಟಿರುತ್ತದೆ.